ಹೆಸರು ಬರೆಸದ ಜಕರಿಯಣ್ಣ

ಪುತ್ತೂರಿನ ನಮ್ಮ ಕ್ರೈಸ್ತ ಸಭೆಯಲ್ಲಿ ಹಿಂದಿನಿಂದ ಬಂದ ಒಂದು ಕ್ರಮ ಇತ್ತು. ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನ ಇರುವ ಭಾನುವಾರದ ಮುಂಚಿನ ಶನಿವಾರ ಸಂಜೆ, ಭೋಜನಕ್ಕೆ ಬರುವವರೆಲ್ಲ ಅಯ್ಯನವರ ಜಗಲಿಗೆ ಬಂದು ಹೆಸರು ಕೊಡಬೇಕು. ಅಯ್ಯನವರು ಎಂದರೆ ನಮ್ಮ ಸಭಾಪಾಲಕರು. ಅವರು ಎಲ್ಲರನ್ನೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಯಾರೊಟ್ಟಿಗಾದ್ರೂ ಮನಸ್ತಾಪ ಉಂಟಾ?" ಇಲ್ಲ ಎಂದರೆ ಹೆಸರು ಪುಸ್ತಕಕ್ಕೆ ಏರುತ್ತಿತ್ತು. ಉಂಟು ಎಂದರೆ, ಹೋಗಿ ರಾಜಿ ಮಾಡಿಕೊಂಡು ಬನ್ನಿ ಎಂದು ವಾಪಸು ಕಳಿಸುತ್ತಿದ್ದರು. ಪುಸ್ತಕ ಹಿಡಿದು ಹೆಸರು ಬರೆಯುತ್ತಿದ್ದವನು ನಾನು. ಶಾಲೆಯಲ್ಲಿ ಮಾಸ್ತರಿಕೆ, ಅಕ್ಷರ ಗುಂಡು, ಹಾಗಾಗಿ ಆ ಕೆಲಸ ನನಗೇ ಅಂಟಿಕೊಂಡಿತು.

ಆ ಜಗಲಿಯಲ್ಲಿ ನಗುವುದಕ್ಕೇನೂ ಕಡಿಮೆ ಇರಲಿಲ್ಲ. ಅಕ್ಕಪಕ್ಕದ ಮನೆಯ ಇಬ್ಬರು ಹೆಂಗಸರಿಗೆ ಕೋಳಿಮೊಟ್ಟೆಯ ವಿಷಯದಲ್ಲಿ ವರ್ಷಗಟ್ಟಲೆ ಜಗಳ. ಕೋಳಿ ಇವಳದ್ದು, ಅದು ಮೊಟ್ಟೆ ಇಡುತ್ತಿದ್ದದ್ದು ಅವಳ ಸೌದೆ ರಾಶಿಯಲ್ಲಿ. ಶನಿವಾರ ಐದು ಗಂಟೆಗೆ ಮೆಟ್ಟಿಲ ಮೇಲೆ ಕೈ ಹಿಡಿದು ರಾಜಿ, ಸೋಮವಾರ ಬೆಳಿಗ್ಗೆ ಮತ್ತೆ ಶುರು. ಇಂಥವರ ನಡುವೆ ಒಂದು ಸಲವೂ ತೊಂದರೆ ಕೊಡದೆ, ಬಂದು, "ಇಲ್ಲ ಅಯ್ಯ, ಯಾರೊಟ್ಟಿಗೂ ಇಲ್ಲ" ಎಂದು ಹೆಸರು ಬರೆಸಿ ಹೋಗುತ್ತಿದ್ದವನು ಜಕರಿಯಣ್ಣ. ನಾನು ಅವನ ಹೆಸರನ್ನು ಕಣ್ಣು ಮುಚ್ಚಿ ಬರೆಯುತ್ತಿದ್ದೆ. ಆ ಮಾತಿಗೆ ಇವತ್ತು ನನಗೇ ನಾಚಿಕೆಯಾಗುತ್ತದೆ.

ಜಕರಿಯಣ್ಣ ಮರ ಸಿಗಿಯುವವನು. ಈಗಿನಂತೆ ಎಲ್ಲ ಕಡೆ ಮಿಲ್ಲು ಇಲ್ಲದ ಕಾಲ. ಕಡಬದ ಆಚೆಯ ಕಾಡಿನಲ್ಲಿ ದೊಡ್ಡ ಹೊಂಡ ತೋಡಿ, ಅದರ ಮೇಲೆ ಎರಡು ಅಡ್ಡಮರ ಹಾಕಿ, ದಿಮ್ಮಿಯನ್ನು ಉರುಳಿಸಿ ತಂದು ಮೇಲಿಡುತ್ತಿದ್ದರು. ಒಬ್ಬ ದಿಮ್ಮಿಯ ಮೇಲೆ ನಿಂತು ಗರಗಸ ಎಳೆಯುವುದು, ಇನ್ನೊಬ್ಬ ಹೊಂಡದೊಳಗೆ ನಿಂತು ಕೆಳಗಿನಿಂದ ಎಳೆಯುವುದು. ಕೆಳಗಿನವನ ತಲೆಯ ಮೇಲೆ ಮೂವತ್ತು ಮಣದ ಮರ. ದಿಮ್ಮಿ ಉರುಳದಂತೆ ತಡೆಯುವುದು ಅದರ ಅಡಿಗೆ ಬಡಿದ ಒಂದು ಬೆಣೆ ಮಾತ್ರ. ಆದ್ದರಿಂದ ಆ ಕಸುಬಿನವರಲ್ಲಿ ಒಂದು ಕಟ್ಟಳೆ: ಮೇಲಿನವನು ಬೆಣೆಯನ್ನು ಕಾಲಿನಿಂದ ಮೂರು ಸಲ ಒದ್ದು ನೋಡಿ "ಇಳಿ" ಎನ್ನಬೇಕು. ಆಮೇಲಷ್ಟೇ ಕೆಳಗಿನವನು ಹೊಂಡಕ್ಕೆ ಇಳಿಯಬೇಕು.

ಮೇಲಿನವನು ಜಕರಿಯಣ್ಣ, ಕೆಳಗಿನವನು ಬೆಳ್ಳಾರೆಯ ಅಹ್ಮದ್ ಕುಂಞಿ. ಹನ್ನೆರಡು ವರ್ಷದ ಜೋಡಿ. ಒಂದೇ ಪಾತ್ರೆಯ ಗಂಜಿ ಕುಡಿದವರು. ಜಕರಿಯಣ್ಣ ಕರಾವಳಿ ಮುಸ್ಲಿಮರ ಬ್ಯಾರಿ ಭಾಷೆಯನ್ನು ಬ್ಯಾರಿಗಳಂತೆಯೇ ಆಡುತ್ತಿದ್ದ. ಅಹ್ಮದ್ ಕುಂಞಿಯ ತಾಯಿ ಕುಂಞಿಪಾತುಮ್ಮ ಇವನನ್ನು ಮಗನೇ ಎಂದು ಕರೆಯುತ್ತಿದ್ದಳು.

ಸಾವಿರದ ಒಂಬೈನೂರ ಐವತ್ತಮೂರನೇ ಇಸವಿ, ಕ್ರಿಸ್ಮಸ್ಸಿಗೆ ಹತ್ತು ದಿನ ಮೊದಲು, ಆ ಹೊಂಡದಲ್ಲಿ ಏನು ನಡೆಯಿತೆಂದು ನನಗೆ ತಿಳಿದದ್ದು ಹತ್ತು ವರ್ಷದ ಮೇಲೆ. ನಿಮಗೆ ಈಗಲೇ ಹೇಳುತ್ತೇನೆ. ಅಂದು ಬೆಳಿಗ್ಗೆ ಬೆಣೆ ಬಡಿದದ್ದು ಅಹ್ಮದ್ ಕುಂಞಿ. ಬಡಿದು, ಗರಗಸದ ಹಲ್ಲಿಗೆ ಅರ ತರಲು ಕಡಬ ಪೇಟೆಗೆ ಹೋದ. ಅವನ ಬದಲಿಗೆ ಕೆಳಗೆ ನಿಲ್ಲಲು ಬಂದವನು ತಮ್ಮ ಸಲಾಂ, ಇಪ್ಪತ್ತನಾಲ್ಕು ವರ್ಷದವನು, ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅಷ್ಟರಲ್ಲಿ ಜಕರಿಯಣ್ಣನಿಗೆ ಸಿಗಿಯಲು ಗುರುತು ಹಾಕಿದ ಮಸಿನೂಲಿನ ಗೆರೆ ಓರೆಯಾದಂತೆ ಕಂಡಿತು. ಬೆಣೆಯನ್ನು ಹೊಡೆದು ತೆಗೆದ, ದಿಮ್ಮಿಯನ್ನು ಒಂದು ಅಂಗುಲ ಹೊರಳಿಸಿದ, ಬೆಣೆಯನ್ನು ಕೈಯಲ್ಲಿ ಸುಮ್ಮನೆ ಸಿಕ್ಕಿಸಿಟ್ಟ. ಊಟದ ಮೊದಲು ಎರಡು ಹಲಗೆ ಆಗಲಿ ಎಂಬ ಆತುರ. ಒದ್ದು ನೋಡಲಿಲ್ಲ. "ಇಳಿ" ಎಂದ.

ಸಲಾಮನ ಹೆಣವನ್ನು ಹೊಂಡದಿಂದ ಎತ್ತಿ ಹೆಗಲ ಮೇಲೆ ಹೊತ್ತು ತಂದವನೂ ಜಕರಿಯಣ್ಣನೇ. ದಾರಿಯಲ್ಲಿ ಎದುರಿಗೆ ಓಡಿ ಬಂದ ಅಹ್ಮದ್ ಕುಂಞಿ ಕೇಳಿದ ಮೊದಲ ಮಾತು: "ನಾನು ಬಡಿದ ಬೆಣೆ ಸರಿ ಕೂತಿರ್ಲಿಲ್ವಾ ಜಕರಿ?"

ಜಕರಿಯಣ್ಣ ಬಾಯಿಯಲ್ಲಿ ಏನೂ ಹೇಳಲಿಲ್ಲ. ತಲೆ ಅಲ್ಲಾಡಿಸಿದ, ಅಷ್ಟೇ. ಕೂತಿರಲಿಲ್ಲ ಎಂಬಂತೆ. ಆ ತಲೆಯಾಟವನ್ನು ಅಹ್ಮದ್ ಕುಂಞಿ ಮನೆಗೆ ಕೊಂಡೊಯ್ದು ತಾಯಿಯ ಮುಂದೆ ಇಟ್ಟ: ಬೆಣೆ ಬಡಿದವನು ನಾನು ಉಮ್ಮ, ತಮ್ಮನನ್ನು ಕೊಂದವನು ನಾನು. ಕಂತ್ರಾಟುದಾರ ಆಕಸ್ಮಿಕ ಎಂದು ಬರೆಸಿ ಕೈ ತೊಳೆದುಕೊಂಡ. ತಾಯಿ ಹಾಗೆ ತೊಳೆದುಕೊಳ್ಳಲಿಲ್ಲ. ಅಂದಿನಿಂದ ಅವಳು ಅಹ್ಮದ್ ಕುಂಞಿಯ ಕೈಯಿಂದ ಒಂದು ತೊಟ್ಟು ನೀರು ಕುಡಿಯಲಿಲ್ಲ.

ಜೋಡಿ ಅಲ್ಲಿಗೆ ಮುರಿಯಿತು. ಅಹ್ಮದ್ ಕುಂಞಿ ಹೊಂಡದ ಹತ್ತಿರ ಮತ್ತೆ ಸುಳಿಯದೆ ಬೆಳ್ಳಾರೆ ಪೇಟೆಯಲ್ಲಿ ಮೂಟೆ ಹೊರಲು ಹೋದ. ಜಕರಿಯಣ್ಣ ಪುತ್ತೂರಿಗೆ ಬಂದು ಬಡಗಿ ಕೆಲಸಕ್ಕೆ ಸೇರಿದ. ಒಂದು ವರ್ಷ ಅವನಿಗೆ ಸರಿಯಾದ ಊಟವಿರಲಿಲ್ಲ, ನಿದ್ದೆಯಿರಲಿಲ್ಲ ಎಂದು ಹೆಂಡತಿ ದೊರ್ಕಮ್ಮ ಆಮೇಲೆ ಹೇಳಿದಳು. ಬಳಿಕ ಐವತ್ತೈದರ ಜನವರಿಯಲ್ಲಿ ನಮ್ಮಲ್ಲಿ ಚಪ್ಪರ ಹಾಕಿ ಮೂರು ದಿನದ ಕೂಟ ನಡೆಯಿತು. ಘಟ್ಟದ ಮೇಲಿನಿಂದ ಒಬ್ಬ ಪ್ರಸಂಗಿ ಬಂದಿದ್ದರು. ಒಳ್ಳೆಯ ಸ್ವರ, ಬಿಳಿ ಕೋಟು. ಕಡೆಯ ದಿನ ಅವರು ರಕ್ತದ ಪಾಪದ ಬಗ್ಗೆ ಮಾತೆತ್ತಿ, ಪಶ್ಚಾತ್ತಾಪ ಪಡುವವರು ಕೈ ಎತ್ತಿ ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ ಜಕರಿಯಣ್ಣ ಎದ್ದು ನಿಂತೇಬಿಟ್ಟ. ಕೈ ಎತ್ತಿ ಹೋ ಎಂದು ಅತ್ತ. ಆ ಅಳು ಸುಳ್ಳೆಂದು ನಾನು ಇವತ್ತಿಗೂ ಹೇಳಲಾರೆ.

"ಕೈ ಎತ್ತಿದವರು ಈ ನಿಮಿಷವೇ ರಕ್ಷಣೆ ಹೊಂದಿದರು, ಇನ್ನು ಸಂಶಯಪಡುವುದೇ ಪಾಪ" ಎಂದರು ಪ್ರಸಂಗಿ. ಕೈ ಎತ್ತಿದ ಎಲ್ಲರಿಗೂ ಅಚ್ಚು ಹಾಕಿದ ಒಂದು ಚೀಟಿ ಕೊಟ್ಟರು. ಈ ದಿನ ನಾನು ರಕ್ಷಿಸಲ್ಪಟ್ಟೆನು ಎಂದು ಅದರಲ್ಲಿ ಬರೆದಿತ್ತು, ಕೆಳಗೆ ತಾರೀಕು ತುಂಬಲು ಜಾಗ. ಜಕರಿಯಣ್ಣನ ಚೀಟಿಯಲ್ಲಿ ತಾರೀಕು ತುಂಬಿದವನು ಗುಂಡು ಅಕ್ಷರದ ಈ ಮಾಸ್ತರನೇ. ಅವನು ಅದಕ್ಕೆ ಸಾಗುವಾನಿಯ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದ.

ಆಮೇಲೆ ಅವನು ಬೇರೆಯೇ ಮನುಷ್ಯನಾದ. ಊಟ ಸೇರಿತು, ಮೈ ತುಂಬಿತು. ಪ್ರತಿ ಕೂಟದಲ್ಲೂ ಎದ್ದು ಸಾಕ್ಷಿ ಹೇಳುತ್ತಿದ್ದ: ನನ್ನ ಕೈಗೆ ರಕ್ತ ಅಂಟಿತ್ತು, ಕರ್ತನು ತೊಳೆದ. ಯಾರ ರಕ್ತ ಎಂದು ಅವನು ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಏನೋ ಹುಡುಗಾಟಿಕೆಯ ಕಾಲದ ಬೇಟೆಯೋ ಹೊಡೆದಾಟವೋ ಇರಬೇಕು ಎಂದುಕೊಂಡೆವು. ಕೇಳುವವರ ಕಣ್ಣಲ್ಲಿ ನೀರು ಬರುತ್ತಿತ್ತಲ್ಲ, ನಮಗೆ ಅಷ್ಟು ಸಾಕಿತ್ತು. ಹೊರಗಿನಿಂದ ಬಂದವರಿಗೆ ನಾವು ಅವನನ್ನು ಹೆಮ್ಮೆಯಿಂದ ತೋರಿಸುತ್ತಿದ್ದೆವು. ಇನ್ನು ಶನಿವಾರದ ಪ್ರಶ್ನೆ. ಯಾರೊಟ್ಟಿಗಾದ್ರೂ ಮನಸ್ತಾಪ ಉಂಟಾ? ಇಲ್ಲ. ಅದು ನಿಜವೇ ಆಗಿತ್ತು. ಅಹ್ಮದ್ ಕುಂಞಿಗೆ ಇವನ ಮೇಲೆ ಯಾವ ಮನಸ್ತಾಪವೂ ಇರಲಿಲ್ಲ. ತನಗೆ ಅನ್ಯಾಯವಾಗಿದೆ ಎಂದು ಗೊತ್ತಿಲ್ಲದವನಿಗೆ ಮನಸ್ತಾಪ ಎಲ್ಲಿಂದ ಬರಬೇಕು? ನಮ್ಮ ಹಿರಿಯರು ಎಲ್ಲ ಯೋಚಿಸಿ ಮಾಡಿದ ಪ್ರಶ್ನೆಯಲ್ಲಿ ಇಷ್ಟು ದೊಡ್ಡ ತೂತು ಇದ್ದದ್ದು ಯಾರಿಗೂ ಕಾಣಲಿಲ್ಲ. ಜಕರಿಯಣ್ಣ ಅದರಲ್ಲಿ ಎಂಟು ವರ್ಷ ನುಸುಳಿದ.

ಪ್ರತಿ ಕ್ರಿಸ್ಮಸ್ಸಿನ ಮರುದಿನ ಅವನು ದೊರ್ಕಮ್ಮ ಮಾಡಿದ ಚಕ್ಕುಲಿ, ಕಲ್ಕಲ್ ಕಟ್ಟಿಕೊಂಡು ಬೆಳ್ಳಾರೆಗೆ ಹೋಗುತ್ತಿದ್ದ. ಸ್ವಂತ ಮಗನ ಕೈಯ ನೀರು ಮುಟ್ಟದ ಕುಂಞಿಪಾತುಮ್ಮ ಇವನು ತಂದದ್ದನ್ನು ತಿನ್ನುತ್ತಿದ್ದಳು. ನನ್ನ ಸಲಾಮನನ್ನು ಹೊತ್ತು ತಂದವನು ಎಂದು ಇವನ ಹೆಗಲು ಸವರುತ್ತಿದ್ದಳು. ಅದನ್ನೂ ಜಕರಿಯಣ್ಣ ದೇವರ ಕೃಪೆಯ ಲೆಕ್ಕಕ್ಕೇ ಸೇರಿಸಿಕೊಂಡ. ತಾಯಿ ಮಗನ ವಿಷಯವನ್ನು ಕರ್ತನೇ ಒಂದು ದಿನ ಸರಿಮಾಡುತ್ತಾನೆ ಎಂದು ಪ್ರಾರ್ಥನೆಯನ್ನೂ ಮಾಡುತ್ತಿದ್ದನಂತೆ.

ಅರವತ್ತಮೂರರ ಮಾರ್ಚಿನಲ್ಲಿ ಕುಂಞಿಪಾತುಮ್ಮ ಹಾಸಿಗೆ ಹಿಡಿದಳು. ಸುದ್ದಿ ತಿಳಿದು ಜಕರಿಯಣ್ಣ ಹೋದ. ಪ್ರಾಣ ಹೋಗುವವರ ಬಾಯಿಗೆ ಮಕ್ಕಳು ನೀರು ಬಿಡಬೇಕು. ಅಹ್ಮದ್ ಕುಂಞಿ ಚಮಚ ಹಿಡಿದು ತಾಯಿಯ ತಲೆಯ ಹತ್ತಿರ ಕೂತಿದ್ದ. ಚಮಚ ತುಟಿಗೆ ತಾಗಿದಾಗಲೆಲ್ಲ ಮುದುಕಿ ಹಲ್ಲು ಕಚ್ಚಿ ಗೋಡೆಯ ಕಡೆಗೆ ಮುಖ ತಿರುಗಿಸುತ್ತಿದ್ದಳು. ಕಣ್ಣೇ ಕಾಣದ ಸ್ಥಿತಿಯಲ್ಲೂ ಅವಳಿಗೆ ಅವನ ಕೈ ಗೊತ್ತಾಗುತ್ತಿತ್ತು. ಅಹ್ಮದ್ ಕುಂಞಿಯ ಹೆಂಡತಿ ಪಾತು ಕೊನೆಗೆ ಸೋತು, "ನೀವು ಕೊಡಿ ಜಕರಿಯಣ್ಣ, ಬಾಯಾರಿಕೆಯಲ್ಲಿ ಸಾಯುದು ಬೇಡ" ಎಂದಳು. ಜಕರಿಯಣ್ಣ ಚಮಚ ತೆಗೆದುಕೊಂಡ. ಮುದುಕಿ ಬಾಯಿ ತೆರೆದಳು. ಕುಡಿದಳು, ಮಗು ಕುಡಿದಂತೆ ಕುಡಿದಳು. ಅಹ್ಮದ್ ಕುಂಞಿ ಅದನ್ನು ನೋಡುತ್ತಾ ಬಾಗಿಲ ಹತ್ತಿರ ನಿಂತಿದ್ದ.

ಆ ಚಮಚವೇ ಜಕರಿಯಣ್ಣನನ್ನು ಮುಗಿಸಿತು.

ಪುತ್ತೂರಿಗೆ ವಾಪಸು ಬಂದವನಿಗೆ ಗೋಡೆಯ ಚೀಟಿ ಏನೂ ಹೇಳಲಿಲ್ಲ. ಪ್ರಾರ್ಥನೆಗೆ ಮೊಣಕಾಲೂರಿದರೆ ಮಾತು ಬರುತ್ತಿರಲಿಲ್ಲ. ಉಪವಾಸ ಮಾಡಿದ. ಸುಳ್ಯದಲ್ಲಿ ಯಾವುದೋ ಕೂಟ ಇದೆ ಎಂದು ತಿಳಿದು ಅಲ್ಲಿಗೂ ಹೋಗಿ ಮತ್ತೊಮ್ಮೆ ಕೈ ಎತ್ತಿದ. ಅಲ್ಲಿದ್ದವರು ಅವನ ಗುರುತು ಹಿಡಿದು, "ಜಕರಿಯಣ್ಣ, ನೀವು ಆಗ್ಲೇ ರಕ್ಷಣೆ ಹೊಂದಿದವರಲ್ವಾ, ಈ ಸಂಶಯ ಸೈತಾನಂದು" ಎಂದು ಕೈಯನ್ನು ಕೆಳಗಿಳಿಸಿದರು. ಸಭೆಯ ಹಿರಿಯರೂ ಅದನ್ನೇ ಹೇಳಿದರು. ಅವನು ನನ್ನ ಹತ್ತಿರ ಬಂದ, ನಾನೂ ಅದನ್ನೇ ಹೇಳಿದೆ. ಒಬ್ಬ ಮನುಷ್ಯ ನಾನು ಪಾಪಿ ಎಂದು ಬಾಗಿಲು ಬಾಗಿಲಿಗೆ ಹೋಗಿ ಅಂಗಲಾಚಿದರೂ ನಾವು ಯಾರೂ ಅವನನ್ನು ನಂಬಲು ತಯಾರಿರಲಿಲ್ಲ. ಅವನ ಸಾಕ್ಷಿಯಿಂದ ನಮಗೂ ಧೈರ್ಯ ಬಂದಿತ್ತು. ಅವನ ಚೀಟಿ ಸುಳ್ಳಾದರೆ ನಮ್ಮ ಚೀಟಿಗಳ ಗತಿ ಏನು?

ಒಂದು ಶನಿವಾರ ಅಯ್ಯನವರು ಮಂಗಳೂರಿಗೆ ಹೋಗಿದ್ದರು. ಜಗಲಿಯಲ್ಲಿ ನಾನೊಬ್ಬನೇ. ಜಕರಿಯಣ್ಣ ಎಲ್ಲರಿಗಿಂತ ಕೊನೆಗೆ ಬಂದ. ನಾನು ಕೇಳುವ ಮೊದಲೇ ಅರ್ಧ ಹೆಸರು ಬರೆದಾಗಿತ್ತು.

"ಯಾರೊಟ್ಟಿಗಾದ್ರೂ ಮನಸ್ತಾಪ ಉಂಟಾ?"

"ಉಂಟು ಮಾಸ್ಟ್ರೆ."

"ಯಾರೊಟ್ಟಿಗೆ?"

"ಅವನಿಗೆ ಗೊತ್ತಿಲ್ಲ," ಎಂದ ಜಕರಿಯಣ್ಣ. ಆಮೇಲೆ ಹೊಂಡ, ಬೆಣೆ, ತಲೆಯಾಟ, ಚಮಚ, ಎಲ್ಲವನ್ನೂ ಹೇಳಿದ.

ಆಗ ನಾನು ಏನು ಹೇಳಿದೆ ಎಂದು ಬರೆಯಲು ಕೈ ಬರುವುದಿಲ್ಲ, ಆದರೆ ಬರೆಯದಿದ್ದರೆ ನಾನೂ ತಲೆ ಅಲ್ಲಾಡಿಸಿದವನೇ ಆಗುತ್ತೇನೆ. "ಮುದುಕಿಯೂ ತೀರಿ ಹೋದ್ಳು. ದೇವರು ಕ್ಷಮಿಸಿದ್ದನ್ನು ಈಗ ಯಾಕೆ ಕೆದಕುದು? ಸಭೆಯ ಹೆಸರು ಹಾಳಾಗ್ತದೆ. ನಾನು ಬರೀತೇನೆ," ಎಂದೆ.

ಅವನು ನನ್ನ ಕೈ ಹಿಡಿದುಕೊಂಡ. ಹಲಗೆಯಂಥ ಕೈ. "ಬರೀಬೇಡಿ. ಅವತ್ತು ಚಪ್ಪರದಲ್ಲಿ ನಾನು ಕೈ ಎತ್ತಿದ್ದು ತಪ್ಪಿಸಿಕೊಳ್ಳಿಕ್ಕೆ ಮಾಸ್ಟ್ರೆ. ದೇವರಿಗೆ ಹೇಳಿದ್ರೆ ಕುಂಞಿಗೆ ಹೇಳುದು ಬೇಡ ಅಲ್ವಾ ಅಂತ ಒಂದು ಖುಷಿ. ಬೆಣೆ ಒದ್ದು ನೋಡದೆ ಇಳಿ ಅಂದೆ. ನನ್ನ ಆತ್ಮದ್ದೂ ಹಾಗೇ, ಒದ್ದು ನೋಡ್ಲೇ ಇಲ್ಲ. ನನ್ನೊಟ್ಟಿಗೆ ಬೆಳ್ಳಾರೆಗೆ ಬನ್ನಿ. ಒಬ್ಬನೇ ಹೋದ್ರೆ ದಾರಿಯಲ್ಲಿ ಇಳಿದು ವಾಪಸ್ ಬರ್ತೇನೆ."

ಮುಂದಿನ ಶುಕ್ರವಾರ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದೆವು. ಅಹ್ಮದ್ ಕುಂಞಿ ಒಂದು ಅಂಗಡಿಯ ಮುಂದೆ ಅಕ್ಕಿ ಮೂಟೆ ಇಳಿಸುತ್ತಿದ್ದ. ಜಕರಿಯಣ್ಣ ಅಲ್ಲೇ, ನಿಂತ ಕಾಲಲ್ಲಿ ಹೇಳಿದ. ಬ್ಯಾರಿಯಲ್ಲಿ ನಡೆದ ಮಾತನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನೀನು ಬಡಿದ ಬೆಣೆ ಸರಿ ಇತ್ತು ಕುಂಞಿ. ಅದನ್ನು ತೆಗೆದದ್ದು ನಾನು."

ಅಹ್ಮದ್ ಕುಂಞಿ ಬೆನ್ನಿನ ಮೂಟೆಯನ್ನು ಕೆಳಗಿಟ್ಟ. "ಯಾವಾಗ ತೆಗೆದದ್ದು?" ಎಂದ.

"ನೀನು ಕಡಬಕ್ಕೆ ಹೋದ ಮೇಲೆ."

"ನಾನು ಬಡಿದದ್ದು ಗಟ್ಟಿ ಇತ್ತಾ?"

"ಗಟ್ಟಿ ಇತ್ತು. ತೆಗೀಲಿಕ್ಕೆ ನಾಲ್ಕು ಪೆಟ್ಟು ಬೇಕಾಯ್ತು."

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಹ್ಮದ್ ಕುಂಞಿ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡ. "ಹತ್ತು ವರ್ಷ ನಮಾಜಿನಲ್ಲಿ ನಾನು ಕೇಳಿದ್ದು ಒಂದೇ, ಆ ಬೆಣೆಗೆ ಮಾಫಿ. ನೀನು ಪುತ್ತೂರಿನಲ್ಲಿ ದೇವರು ನಿನ್ನನ್ನು ಕ್ಷಮಿಸಿದ ಅಂತ ಹೇಳ್ತಾ ಇದ್ದಿಯಂತೆ. ನನ್ನನ್ನು ಕೇಳದೆ ಹೇಗೆ ಕ್ಷಮಿಸಿದ?" ಎಂದ. ಆಮೇಲೆ, "ನನಗಲ್ಲ, ಉಮ್ಮನಿಗೆ ಹೇಳು ಬಾ," ಎಂದು ಮುಂದೆ ನಡೆದ.

ಮಸೀದಿಯ ಕಬರಸ್ತಾನದ ಗೋಡೆಯ ಹೊರಗೆ ಜಕರಿಯಣ್ಣನನ್ನು ನಿಲ್ಲಿಸಿ, ಒಳಗೆ ಹೊಸ ಮಣ್ಣಿನ ದಿಣ್ಣೆಯನ್ನು ತೋರಿಸಿದ. ಶುಕ್ರವಾರದ ನಮಾಜಿಗೆ ಜನ ಬರುತ್ತಿದ್ದ ಹೊತ್ತು. ಜಕರಿಯಣ್ಣ ಗೋಡೆ ಹಿಡಿದುಕೊಂಡು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ, ಸತ್ತವಳಿಗೆ ಹೇಳಿದ. "ಉಮ್ಮ, ನಿಮ್ಮ ಮಗನನ್ನು ಕೊಂದವನು ನಾನು. ನನ್ನ ಕೈಯ ನೀರು ಕುಡಿದಿರಿ, ಕುಂಞಿಯ ಕೈಯದ್ದು ಕುಡಿಯಲಿಲ್ಲ." ಚಪ್ಪರಗಳಲ್ಲಿ ನಾನು ಕೇಳಿದ ಅವನ ಸಾಕ್ಷಿಗಳೆಲ್ಲ ಸೇರಿದರೂ ಇದರ ಒಂದು ಮಾತಿಗೆ ಸಮನಾಗುವುದಿಲ್ಲ. ಮುಗಿದ ಮೇಲೆ ಅವನು ಅಹ್ಮದ್ ಕುಂಞಿಯ ಕಡೆಗೆ ತಿರುಗಿದ.

"ನನ್ನಿಂದ ಆಗುದಿಲ್ಲ, ಹೋಗು," ಎಂದ ಅಹ್ಮದ್ ಕುಂಞಿ.

ಮನೆಗೆ ಬಂದು ಜಕರಿಯಣ್ಣ ಚೌಕಟ್ಟು ಬಿಚ್ಚಿ ಚೀಟಿಯನ್ನು ನನ್ನ ಕೈಗೆ ಕೊಟ್ಟ. ತಾರೀಕು ಬರೆದವರು ನೀವು, ನೀವೇ ಇಟ್ಟುಕೊಳ್ಳಿ ಎಂದ. ಸುದ್ದಿ ಪುತ್ತೂರಿಗೆ ಬರಲು ಎರಡು ದಿನ ಸಾಕಾಯಿತು. ಪೇಟೆಯ ನಡುವೆ ಸಭೆಯ ಮಾನ ಕಳೆದ ಎಂದು ಕೆಲವರು ಅವನನ್ನು ಮಾತಾಡಿಸುವುದನ್ನೇ ಬಿಟ್ಟರು. ಕೈಗೆ ರಕ್ತ ಅಂಟಿತ್ತು ಎಂದಾಗ ಅತ್ತವರು, ಯಾರ ರಕ್ತ ಎಂದು ಗೊತ್ತಾದ ಮೇಲೆ ಮೂಗು ಮುಚ್ಚಿಕೊಂಡರು. ಮುಂದಿನ ನಾಲ್ಕು ವರ್ಷ ಅವನು ಭೋಜನದ ಮುಂಚಿನ ಪ್ರತಿ ಶನಿವಾರ ಜಗಲಿಗೆ ಬಂದ. ಪ್ರಶ್ನೆಗೆ "ಉಂಟು" ಎಂದು ಹೇಳಿ, ಹೆಸರು ಬರೆಸದೆ ಇಳಿದು ಹೋದ. ಭಾನುವಾರ ನಾವೆಲ್ಲ ಭೋಜನದ ಮೇಜಿನ ಹತ್ತಿರ ಹೋಗುವಾಗ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿರುತ್ತಿದ್ದ. ಹೊಸದಾಗಿ ಬಂದ ಅಯ್ಯನವರು ಒಳ್ಳೆಯವರು. ನೀವು ಮಾಡಬೇಕಾದ್ದನ್ನು ಮಾಡಿದ್ದೀರಿ, ಬನ್ನಿ ಎಂದು ಎಷ್ಟೋ ಸಲ ಕರೆದರು. ಅವನು ಒಪ್ಪಲಿಲ್ಲ. ತಿಂಗಳಿಗೊಮ್ಮೆ ಬೆಳ್ಳಾರೆಗೆ ಹೋಗಿ ಆ ಅಂಗಡಿಯ ಎದುರು ಸಂಜೆಯ ಬಸ್ಸಿನ ತನಕ ಕೂತು ಬರುತ್ತಿದ್ದ. ಅಹ್ಮದ್ ಕುಂಞಿ ಮುಖವೆತ್ತಿ ನೋಡುತ್ತಿರಲಿಲ್ಲ. ಯಾಕೆ ಹೋಗುದು ಎಂದು ದೊರ್ಕಮ್ಮ ಅತ್ತರೆ, ಕೇಳುದೊಂದೇ ನನ್ನ ಕೈಲಿ ಉಂಟು ಎನ್ನುತ್ತಿದ್ದ.

ಅರವತ್ತೇಳರ ನವೆಂಬರಿನಲ್ಲಿ ಎದೆಯ ಕಾಯಿಲೆ ಅವನನ್ನು ಮಲಗಿಸಿತು. ಇನ್ನು ಎರಡು ದಿನ ಎಂದರು ಡಾಕ್ಟರು. ಬೆಳ್ಳಾರೆ ಬಸ್ಸಿನ ಕಂಡಕ್ಟರ್ ತ್ಯಾಂಪಣ್ಣನ ಹತ್ತಿರ ನಾನು ಅಹ್ಮದ್ ಕುಂಞಿಗೆ ಹೇಳಿ ಕಳಿಸಿದೆ. ಜಕರಿ ಹೋಗ್ತಾ ಇದ್ದಾನೆ, ಅಷ್ಟೇ.

ಮರುದಿನ ಮಧ್ಯಾಹ್ನ ಅಯ್ಯನವರು ಮಂಚದ ಹತ್ತಿರ ಕೂತು ಮೆಲ್ಲನೆ ಕೇಳಿದರು: "ಜಕರಿಯಣ್ಣ, ರಕ್ಷಣೆಯ ನಿಶ್ಚಯ ಉಂಟಾ?"

"ಗೊತ್ತಿಲ್ಲ ಅಯ್ಯ," ಎಂದ. ಉಸಿರು ತೆಗೆದುಕೊಂಡು, "ಕರ್ತನನ್ನು ಬಿಟ್ರೆ ನನಗೆ ಬೇರೆ ಜಾಗ ಇಲ್ಲ. ಅವನ ಕಾಲು ಬಿಡುದಿಲ್ಲ," ಎಂದ. ಹಿಂದೆ ನಿಶ್ಚಯವನ್ನು ಗೋಡೆಗೆ ಹೊಡೆದಿಟ್ಟಿದ್ದ ಮನುಷ್ಯ ಇವನೇ. ಕರ್ತನ ಭೋಜನ ತಂದಿದ್ದೇನೆ, ತೆಗೆದುಕೊಳ್ಳುತ್ತೀರಾ ಎಂದಾಗ ಮಾತ್ರ ಮತ್ತೆ ಅದೇ ಉತ್ತರ: "ಮನಸ್ತಾಪ ಉಂಟು."

ಆಗ ಅಂಗಳದಲ್ಲಿ ಅಹ್ಮದ್ ಕುಂಞಿ ನಿಂತಿದ್ದದ್ದು ಕಂಡಿತು. ಒಳಗೆ ಬಂದವನು ನನ್ನನ್ನು ನೋಡಿ ಕನ್ನಡದಲ್ಲೇ ಹೇಳಿದ: "ಮಾಫ್ ಮಾಡಿದೆ ಅಂತ ನನ್ನತ್ರ ಹೇಳಿಸ್ಬೇಡಿ ಮಾಸ್ಟ್ರೆ. ಅದು ನನ್ನ ಬಾಯಲ್ಲಿ ಬರುದಿಲ್ಲ."

ಯಾರೂ ಹೇಳಿಸಲಿಲ್ಲ. ದೊರ್ಕಮ್ಮ ಗಂಡನ ತುಟಿ ಒದ್ದೆ ಮಾಡುತ್ತಿದ್ದವಳು ಎದ್ದು ಜಾಗ ಬಿಟ್ಟಳು. ಅವಳ ಕೈಯ ಚಮಚವನ್ನು ಅಹ್ಮದ್ ಕುಂಞಿ ನೋಡಿದ. ತೆಗೆದುಕೊಳ್ಳಲೋ ಬೇಡವೋ ಎಂದು ನಿಂತ. ಕೊನೆಗೆ ತೆಗೆದುಕೊಂಡು, ಲೋಟದಲ್ಲಿ ಅದ್ದಿ, ಜಕರಿಯಣ್ಣನ ಬಾಯಿಯ ಹತ್ತಿರ ಹಿಡಿದ. ಮೊದಲ ಚಮಚ ಪೂರಾ ಕುತ್ತಿಗೆಗೆ ಚೆಲ್ಲಿತು. ಜಕರಿಯಣ್ಣ ಅವನ ಮುಖದಿಂದ ಕಣ್ಣು ತೆಗೆಯದೆ, ಇದ್ದ ಶಕ್ತಿಯನ್ನೆಲ್ಲ ಹಾಕಿ ಬಾಯಿ ತೆರೆದ. ಎರಡನೆಯದು ಒಳಗೆ ಹೋಯಿತು, ಮೂರನೆಯದೂ ಹೋಯಿತು.

ಸಂಜೆ ಅವನು ತೀರಿಕೊಂಡ. ಪುಸ್ತಕದಲ್ಲಿ ಆ ನಾಲ್ಕು ವರ್ಷ ಅವನ ಹೆಸರಿಲ್ಲ, ಭೋಜನವಿಲ್ಲದೆಯೇ ಹೋದ ಎಂದು ಸಭೆಯಲ್ಲಿ ಕೆಲವರು ಈಗಲೂ ಪಿಸುಗುಡುತ್ತಾರೆ. ನನ್ನ ಹೆಸರು ಎಲ್ಲ ಪುಟದಲ್ಲೂ ಇದೆ. ಅದನ್ನು ನೋಡಿದಾಗ ನನಗೆ ಭಯವಾಗುತ್ತದೆ.

ಅಂದು ಬಸ್ಸಿಗೆ ಬಿಡಲು ನಾನು ಅಹ್ಮದ್ ಕುಂಞಿಯ ಜೊತೆ ಗೇಟಿನ ತನಕ ಹೋದೆ. ಅವನು ತನ್ನ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದ.

"ಕುಡಿದ ಅಲ್ವಾ ಮಾಸ್ಟ್ರೆ?"

"ಕುಡಿದ," ಎಂದೆ.

ನಾಲ್ಕು ಹೆಜ್ಜೆ ಹೋಗಿ ಮತ್ತೆ ತಿರುಗಿ ನಿಂತ. "ನನ್ನ ಕೈಯಿಂದ್ಲೇ ಕುಡಿದದ್ದಲ್ವಾ? ನೀವು ನೋಡಿದ್ದೀರಿ ಅಲ್ವಾ?"

ನೋಡಿದ್ದೇನೆ ಎಂದು ಹೇಳಿದೆ.